ಲುಂಬಿನಿಯಿಂದ ಅತ್ತೆಗೊಂದು ಫೋನು

ನಮ್ಮೂರು ಮೊರಬದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟಾಗ ನನ್ನ ಹತ್ತಿರ ಮೂರು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಒಂದರಲ್ಲಿ ಹೊದಿಕೆ, ಮೂರನೆಯದು ಪೂರ್ತಿ ಊಟದ ಚೀಲ. ಅದನ್ನು ತುಂಬಿದವರು ನಮ್ಮ ಅತ್ತೆ ನೀಲವ್ವ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಸಿನ ಮೇಲೆ ಕುಳಿತಿದ್ದವರು ಅಲ್ಲಿಂದಲೇ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಓಡಾಡಿಸಿ ಕಟಕ ರೊಟ್ಟಿ ಮಾಡಿಸಿದ್ದರು, ಚಟ್ನಿ ಕುಟ್ಟಿಸಿದ್ದರು, ಚೀಲದ ಬಾಯಿಯನ್ನು ಮಾತ್ರ ತಾವೇ ಕಟ್ಟಿದ್ದರು. ನೇಪಾಳದಲ್ಲಿ ಜನ ಏನು ತಿಂದು ಬದುಕುತ್ತಾರೆ ಎಂಬ ವಿಷಯದಲ್ಲಿ ಅವರಿಗೆ ಗಟ್ಟಿ ಅನುಮಾನವಿತ್ತು.

ಸುತ್ತಲಿನ ಊರುಗಳ ಬೌದ್ಧರು ಕೂಡಿ ಲುಂಬಿನಿಗೆ ಹೊರಟಿದ್ದ ಈ ಪ್ರವಾಸಕ್ಕೆ ನಾವು ಅತ್ತೆ ಸೊಸೆ ಇಬ್ಬರೂ ಹೊರಡಬೇಕಾಗಿತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ನಾವಿಬ್ಬರೇ. ನಾನು ಜಂಪರು ಹೊಲಿಯುತ್ತೇನೆ, ಅವರು ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಾರೆ. ನಮ್ಮದು ಬೌದ್ಧ ಮನೆತನ. ಓಣಿಯ ಕೊನೆಗೆ ತಗಡಿನ ಮಾಡಿನ ಸಣ್ಣ ವಿಹಾರವಿದೆ. ಪ್ರತಿ ಹುಣ್ಣಿಮೆಯ ಸಂಜೆ ಅಲ್ಲಿ ಬುದ್ಧವಂದನೆ ಹೇಳಿಸುವವರು ಅತ್ತೆಯೇ. ಅಕ್ಷರ ಬಾರದ ಅವರು ಅದನ್ನು ತಮ್ಮ ಹರೆಯದಲ್ಲಿ, ಊರಿಗೆ ಬಂದ ಒಬ್ಬ ಬೌದ್ಧ ಭಿಕ್ಷುವಿನ, ಭಂತೇಜಿಯ ಬಾಯಿಂದ ಕೇಳಿ ಕಲಿತದ್ದು. ಅವರು ಒಂದು ಸಾಲು ಹೇಳಿದರೆ ನಾವೆಲ್ಲ ಹಿಂದಿನಿಂದ ಹೇಳುತ್ತೇವೆ. ಲುಂಬಿನಿಗೆ ಹೋಗಿ, ಬುದ್ಧ ಹುಟ್ಟಿದ ನೆಲದ ಮೇಲೆ ನಿಂತು ಒಮ್ಮೆ ಆ ವಂದನೆ ಹೇಳಬೇಕು ಎನ್ನುವುದು ಅವರ ಬಹಳ ದಿನದ ಆಸೆ. ಹೊರಡಲು ಎರಡು ವಾರ ಇದೆ ಎನ್ನುವಾಗ ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಯಲು ಹೋಗಿ ಕಾಲು ಮುರಿದುಕೊಂಡರು.

"ನಿಮ್ಮನ್ನ ಬಿಟ್ಟು ನಾ ಹೋಗಂಗಿಲ್ರಿ," ಅಂದೆ.

"ನೀ ಹೋಗಲಿಲ್ಲಂದ್ರ ಇಬ್ಬರೂ ಹೋಗಲಿಲ್ಲ ಅಂದಂಗ ಆತು. ಹೋಗು. ಅಲ್ಲಿ ನಿಂತು ವಂದನಾ ಹೇಳೂಮುಂದ ನನಗ ಫೋನ್ ಹಚ್ಚು. ಅಷ್ಟ ಮಾಡು, ಸಾಕು."

ಆಗಲಿ ಎಂದು ಮಾತು ಕೊಟ್ಟೆ. ಆ ಮಾತು ಎಷ್ಟು ಭಾರದ್ದೆಂದು ಗೊತ್ತಾದದ್ದು ನವಲಗುಂದದ ಮೊಬೈಲ್ ಅಂಗಡಿಯಲ್ಲಿ. ನನ್ನ ಸಿಮ್ಮು ನೇಪಾಳದಲ್ಲಿ ನಡೆಯಬೇಕಾದರೆ ರೋಮಿಂಗ್ ಹಾಕಿಸಬೇಕು, ಅದಕ್ಕೆ ಸಾವಿರದ ಮೇಲಾಗುತ್ತದೆ ಎಂದರು. ಸಾವಿರ ಎಂದರೆ ಎಷ್ಟು ಜಂಪರು ಎಂದು ಮನಸ್ಸು ತಾನೇ ಲೆಕ್ಕ ಹಾಕಿತು. ನಮ್ಮ ತಂಡದ ಮುಂದಾಳು ಪರಸಪ್ಪ ಸರ್, ಸಂಶಿ ಊರಿನವರು, ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತರಾದವರು, ಹಿಂದೆ ಒಮ್ಮೆ ಲುಂಬಿನಿಗೆ ಹೋಗಿ ಬಂದವರು. "ಅಲ್ಲೇ ಗಡಿ ದಾಟಿದ ಮ್ಯಾಲ ಸಿಮ್ ತೊಗೊಳ್ಳೂಣು ಬಿಡ್ರಿ, ಅಗದಿ ಸೋವಿ ಸಿಗತಾವ," ಎಂದು ಧೈರ್ಯ ಹೇಳಿದರು.

ಮೊರಬದಿಂದ ಹುಬ್ಬಳ್ಳಿಯವರೆಗೆ ಬಸ್ಸು ನಮಗೆ ಪುಕ್ಕಟೆ. ಹೆಣ್ಣುಮಕ್ಕಳ ಶೂನ್ಯ ಟಿಕೇಟನ್ನು ಕಂಡಕ್ಟರು ಹರಿದು ಕೊಟ್ಟಾಗ, ಹೀಗೇ ಲುಂಬಿನಿಯವರೆಗೂ ಕೊಟ್ಟುಬಿಡ್ರಿ ಎಂದು ನಮ್ಮವರೊಬ್ಬರು ಚೇಷ್ಟೆ ಮಾಡಿದರು. ಹುಬ್ಬಳ್ಳಿಯಿಂದ ಪುಣೆ, ಪುಣೆಯಿಂದ ಗೋರಖಪುರ. ಸ್ಲೀಪರಿನಲ್ಲಿ ಎರಡೂ ರೈಲು ಸೇರಿ ಸಾವಿರದ ಆಚೀಚೆ ಆಯಿತು. ಇಪ್ಪತ್ತೆಂಟು ಜನ ಒಂದೇ ಡಬ್ಬಿಯಲ್ಲಿದ್ದುದರಿಂದ ಮೊದಲ ದಿನ ಊಟದ ಚೀಲಗಳ ಪಂದ್ಯವೇ ನಡೆಯಿತು. ಗುಡಗೇರಿಯವರ ಹೆಸರುಕಾಳಿನ ಪಲ್ಯೆ ಗೆದ್ದಿತು. ನನ್ನ ಚೀಲದ ರೊಟ್ಟಿ ಚಟ್ನಿ ಮಾತ್ರ ಮುಗಿಯುವ ಲಕ್ಷಣ ತೋರಿಸಲಿಲ್ಲ.

ರೈಲಿನಲ್ಲಿ ಫೋನಿನ ತೊಂದರೆ ಇರಲಿಲ್ಲ. ಬೆಳಿಗ್ಗೆ ಸಂಜೆ ಅತ್ತೆಯ ಕರೆ ಬರುತ್ತಿತ್ತು. ಯಾವ ಸ್ಟೇಷನ್ ಬಂತೆಂದು ಅವರು ಕೇಳುತ್ತಿರಲಿಲ್ಲ.

"ಹೊರಗ ಏನ ಬೆಳಿ ಐತಿ?"

"ಗೋದಿ ಐತ್ರಿ. ನಡುನಡುವ ಸಾಸಿವಿ. ಹಳದಿ ಹೂವಾ ಬಿಟ್ಟೈತಿ."

"ಮಣ್ಣು?"

"ಕರಿ ಅಲ್ರಿ. ಬೂದಿ ಬಣ್ಣದ್ದು."

"ನೀರ ಛಲೋ ಇರಬೇಕು," ಎಂದು ಅವರೇ ತೀರ್ಮಾನಿಸಿ ಫೋನು ಇಡುತ್ತಿದ್ದರು. ಕಿಟಕಿಯ ಹೊರಗೆ ನೋಡುವುದನ್ನು ನಾನು ಆ ಎರಡು ದಿನದಲ್ಲಿ ಕಲಿತೆ. ಯಾರಿಗಾದರೂ ಹೇಳಬೇಕಾಗಿದ್ದರೆ ಕಣ್ಣು ಬೇರೆ ರೀತಿ ನೋಡುತ್ತದೆ.

ಜನವರಿಯ ಮಂಜಿನಿಂದ ರೈಲು ತಡವಾಗಿ ಗೋರಖಪುರ ಮುಟ್ಟಿತು. ಅಲ್ಲಿನ ಚಳಿ ನಮ್ಮ ಕಡೆಯದಲ್ಲ. ನಮ್ಮಲ್ಲಿ ಚಳಿ ಬೆಳಿಗ್ಗೆ ಬಂದು ಬಿಸಿಲಾಗುತ್ತಲೇ ಹೋಗುತ್ತದೆ, ಅಲ್ಲಿ ಅದು ಮಧ್ಯಾಹ್ನವೂ ಎದ್ದು ಹೋಗುವುದಿಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು, ಸುನೌಲಿಗೆ ಹೋಗುವ ಬಸ್ಸು ಹತ್ತಿದೆವು. ನೂರು ಕಿಲೋಮೀಟರಿಗೆ ತುಸು ಕಡಿಮೆ ದಾರಿ, ಮೂರು ತಾಸು ಹಿಡಿಯಿತು. ಸುನೌಲಿಯಲ್ಲಿ ಇಳಿದು, ಚೀಲ ಹೊತ್ತು ನಡೆಯುತ್ತ ಒಂದು ಕಮಾನಿನ ಕೆಳಗೆ ಹಾಯ್ದರೆ ಅದೇ ನೇಪಾಳ. ಮತದಾರರ ಚೀಟಿ ತೋರಿಸಿದ್ದಷ್ಟೇ ಕೆಲಸ. ಪರದೇಶ ಇಷ್ಟು ಹತ್ತಿರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದರೆ ಫೋನಿಗೆ ಗೊತ್ತಿತ್ತು. ಕಮಾನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಮಾಯವಾದವು. ಗಡಿಯಾರ ಮಾತ್ರ ಹದಿನೈದು ನಿಮಿಷ ಮುಂದೆ ಜಿಗಿಯಿತು. ನೇಪಾಳದ ವೇಳೆ ನಮಗಿಂತ ಕಾಲು ತಾಸು ಮುಂದಂತೆ. ಕಾಲು ತಾಸಿಗಾಗಿ ಬೇರೆ ವೇಳೆ ಇಟ್ಟುಕೊಂಡ ಆ ದೇಶದ ಹಟ ನನಗೆ ಹಿಡಿಸಿತು.

ಅಲ್ಲಿಂದ ನಾಲ್ಕೈದು ಕಿಲೋಮೀಟರು ದೂರದ ಭೈರಹವಾ ಪೇಟೆಯಲ್ಲಿ ಸಿಮ್ಮು ಕೊಂಡೆ. ಅಂಗಡಿಯಲ್ಲಿ ಇದ್ದದ್ದು ನನ್ನ ವಯಸ್ಸಿನ ಹೆಂಗಸು, ಹೆಗಲ ಮೇಲೆ ದಪ್ಪ ಶಾಲು, ಕಾಲ ಬುಡದಲ್ಲಿ ಕೆಂಡದ ಒಲೆ. ನನ್ನ ಹುಬ್ಬಳ್ಳಿ ಹಿಂದಿಗೂ ಅವಳ ನೇಪಾಳಿ ಹಿಂದಿಗೂ ಬೇಗ ಸ್ನೇಹವಾಯಿತು. ಮತದಾರರ ಚೀಟಿಯ ಝೆರಾಕ್ಸ್, ಒಂದು ಫೋಟೊ, ಹೆಬ್ಬೆಟ್ಟು ಕೊಟ್ಟೆ. ನಮ್ಮ ನೂರು ರೂಪಾಯಿ ಅಲ್ಲಿ ನೂರಾ ಅರವತ್ತು ಆಗುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಶ್ರೀಮಂತಳಾದೆ. ಭಾರತಕ್ಕೆ ಮಾತಾಡಲು ನಿಮಿಷಕ್ಕೆ ಬೀಳುವುದು ನಮ್ಮೂರಿನ ಒಂದು ಚಹಾದ ದರಕ್ಕಿಂತ ಕಡಿಮೆ. ಹಳೆಯ ಸಿಮ್ಮನ್ನು ತೆಗೆಯಬೇಡಿ, ಫೋನಿನೊಳಗೆ ಸಿಮ್ಮಿನ ಇನ್ನೊಂದು ಮನೆ ಇದೆ, ಅದರಲ್ಲಿ ಇದನ್ನು ಹಾಕುತ್ತೇನೆ, ವಾಟ್ಸಾಪ್ ನಂಬರ್ ಬದಲಿಸುವುದೇ ಎಂದು ಕೇಳಿದರೆ ಬೇಡ ಎನ್ನಿ, ವೈಫೈ ಇದ್ದಲ್ಲಿ ಪುಕ್ಕಟೆ ಮಾತಾಡಬಹುದು ಎಂದು ಅವಳು ಬಿಡಿಸಿ ಹೇಳಿದಳು. ಆದರೆ ಅತ್ತೆಯ ಹತ್ತಿರ ಇರುವುದು ಗುಂಡಿಯ ಫೋನು. ಅದಕ್ಕೆ ವಾಟ್ಸಾಪಿನ ಗಂಧವಿಲ್ಲ.

ಅಂಗಡಿಯ ಮುಂದೆಯೇ ನಿಂತು ಫೋನು ಹಚ್ಚಿದೆ. ಎರಡು ಸಲ ರಿಂಗಾಯಿತು, ಕಟ್ಟಾಯಿತು. ಮತ್ತೆ ಹಚ್ಚಿದೆ. ಒಂದೇ ರಿಂಗಿಗೆ ಕಟ್ಟು. ಎದುರಿನ ಮನೆಯ ಕಮಲವ್ವನಿಗೆ ಹಚ್ಚಿದೆ, ಅತ್ತೆಗೆ ಸ್ನಾನ ಮಾಡಿಸುವ ಸರದಿ ಆ ವಾರ ಅವಳದು. ಅವಳೂ ಕಟ್ ಮಾಡಿದಳು. ರಾತ್ರಿ ಜೊತೆಗೆ ಮಲಗುವ ಫಕೀರವ್ವನಿಗೆ ಹಚ್ಚಿದರೆ ಫೋನೇ ಬಂದ್. ಅತ್ತೆಗೆ ಏನೋ ಆಗಿದೆ, ನನಗೆ ಹೇಳಲು ಯಾರಿಗೂ ಬಾಯಿ ಬರುತ್ತಿಲ್ಲ ಎಂದೇ ತಿಳಿದೆ.

ಭೈರಹವಾದಿಂದ ಲುಂಬಿನಿಗೆ ಒಂದು ತಾಸಿನ ದಾರಿ. ಎರಡೂ ಕಡೆ ಗೋಧಿಯ ಹೊಲ, ಮಂಜಿನೊಳಗೆ ನಿಂತ ಕೊಕ್ಕರೆಗಳು. ನನಗೆ ಏನೂ ಕಾಣಿಸಲಿಲ್ಲ. ಇಳಿದದ್ದು ಯಾತ್ರಿಕರ ವಸತಿಗೃಹವೊಂದರಲ್ಲಿ, ಮೂವರಿಗೊಂದು ಕೋಣೆ, ಊಟಕ್ಕೆ ಅನ್ನ, ಬೇಳೆ, ಮೂಲಂಗಿ ಉಪ್ಪಿನಕಾಯಿ. ನಾನು ತಟ್ಟೆ ಮುಟ್ಟದೆ ಕುಳಿತಿದ್ದನ್ನು ಪರಸಪ್ಪ ಸರ್ ನೋಡಿದರು. ಸಂಗತಿ ಕೇಳಿ ಹೇಳಿದರು: "ಅಲ್ರಿ ಶಾಂತಕ್ಕ, ನಿಮ್ಮ ನಂಬರ ಅಲ್ಲಿ ಅವರಿಗೆ ಪ್ಲಸ್ ಒಂಬತ್ತ ಏಳ ಏಳ ಅಂತ ಕಾಣಸ್ತದ. ಪರದೇಶದ ನಂಬರ ಅಂತ ಹೆದರಿ ಕಟ್ ಮಾಡಿರಬೇಕ್ರಿ."

ಹಣೆ ಹಣೆ ಬಡಿದುಕೊಂಡೆ. ನಾನು ನಮ್ಮ ಓಣಿಯ ಸ್ವಸಹಾಯ ಸಂಘದ ಪ್ರತಿನಿಧಿ. ಫೋನಿನಲ್ಲಿ ಮೋಸ ಮಾಡಿ ರೊಕ್ಕ ಎಳೆಯುವವರ ಬಗ್ಗೆ ಬ್ಯಾಂಕಿನವರು ಬಂದು ಹೇಳಿಹೋದ ಮೇಲೆ ಮನೆ ಮನೆಗೆ ಹೋಗಿ ಪಾಠ ಮಾಡಿದವಳು ನಾನೇ. "ಒಂಬತ್ತರ ಬಾಜು ಒಂದು ಇದ್ದರ ಎತ್ತರಿ, ಬ್ಯಾರೆ ಏನರ ಇದ್ದರ ಕೆಂಪ ಗುಂಡಿ ಒತ್ತರಿ. ಮತ್ತ ಮತ್ತ ಬಂದರ ಫೋನ್ ಬಂದ್ ಮಾಡ್ರಿ." ಅತ್ತೆಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತವೆ. ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಒಪ್ಪಿಸಿದವರು ಅವರೇ. ಈಗ ನಾನು ಕಲಿಸಿದ್ದನ್ನು ಇಡೀ ಓಣಿ ಒಕ್ಕೊರಲಿನಿಂದ ನನ್ನ ಮೇಲೆಯೇ ನಡೆಸುತ್ತಿತ್ತು. ಜೀವಕ್ಕೆ ಏನೂ ಆಗಿಲ್ಲವೆಂದು ಸಮಾಧಾನವಾಗಿ ನಗು ಬಂತು, ಹಿಂದೆಯೇ ಅಳುವೂ ಬಂತು. ನಾಳೆ ಬೆಳಿಗ್ಗೆ ವಂದನೆ. ಅವರು ಫೋನು ಎತ್ತದಿದ್ದರೆ ನಾನು ಅಷ್ಟು ದೂರ ಬಂದು ಮಾಡುವುದೇನು?

ನಮ್ಮ ಸಂಘದಲ್ಲಿ ಇಲ್ಲದ, ವಾಟ್ಸಾಪ್ ಇರುವ ಒಬ್ಬರು ನೆನಪಾದರು. ಹಿಟ್ಟಿನ ಗಿರಣಿಯ ರಮಜಾನ ಕಾಕಾ. ಊಟದ ಮನೆಯ ಗೋಡೆಯ ಮೇಲೆ ವೈಫೈ ಪಾಸ್‌ವರ್ಡ್ ಬರೆದಿತ್ತು. ವಾಟ್ಸಾಪಿನಲ್ಲಿ ಕರೆದರೆ ಹಳೆಯ ನಂಬರೇ, ನನ್ನ ಹೆಸರೇ ಕಾಣಿಸುತ್ತದೆ. ಅವರು ಎತ್ತಿದರು. ಗಿರಣಿಯ ಸದ್ದು ನೇಪಾಳಕ್ಕೆ ಬಂತು.

"ಕಾಕಾ, ನಾ ಶಾಂತಾ. ನಮ್ಮ ಅತ್ತಿಗೆ ಹೋಗಿ ಹೇಳ್ರಿ, ಪ್ಲಸ್ ಒಂಬತ್ತ ಏಳ ಏಳ ನಂಬರ ನಂದ ಐತಿ, ನಾಳೆ ಮುಂಜಾನಿ ನಮ್ಮ ವ್ಯಾಳ್ಯಾ ಎಂಟಕ್ಕ ಹಚ್ಚತೀನಿ, ಎತ್ರಿ ಅಂತ."

ಕಾಕಾನ ಫೋನು ಚಾರ್ಜರು ಬಿಚ್ಚಿದರೆ ಉಸಿರು ಬಿಡುವಂಥದ್ದು, ಗಿರಣಿ ಬಿಟ್ಟು ಬರಲಾರದು. ಹಾಗಾಗಿ ಫೋನು ಅಲ್ಲೇ ಇಟ್ಟು ಅವರೇ ಹೋಗಿ ಬಂದರು. ಬಂದು ಹೇಳಿದ್ದು ಇದು:

"ನೀಲಕ್ಕ ನಂಬವಲ್ಲಳವಾ. ಗುರುತಿನವರ ಬಾಯಿಂದ ಹೇಳಿಸೀನೂ ಮೋಸ ಮಾಡ್ತಾರಂತ ನಮ್ಮ ಸೊಸಿನ ಹೇಳ್ಯಾಳ ಅಂತಾಳ. ನೀ ಖರೇನ ಆಕಿ ಸೊಸಿ ಆಗಿದ್ರ, ಊಟದ ಚೀಲದ ತಳಕ ಆಕಿ ಏನ ಇಟ್ಟಾಳ ಹೇಳಬೇಕಂತ."

ಅದೂ ನನ್ನದೇ ಪಾಠ: ಅನುಮಾನ ಬಂದರೆ ಮನೆಯವರಿಗಷ್ಟೇ ಗೊತ್ತಿರುವುದನ್ನು ಕೇಳಿರಿ. "ರೊಟ್ಟಿ," ಅಂದೆ. ಕಾಕಾ ನಕ್ಕರು. "ರೊಟ್ಟಿ ಅಂದ್ರ ಅಲ್ಲ ಅನ್ನು ಅಂತ ಮೊದಲ ಹೇಳ್ಯಾಳ." ಚೀಲದ ತಳ ನಾನು ಕಂಡೇ ಇರಲಿಲ್ಲ. ಕೋಣೆಯಿಂದ ತಂದು, ಊಟದ ಮನೆಯ ಟೇಬಲಿನ ಮೇಲೆಯೇ ಬರಿದು ಮಾಡಿದೆ. ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಣ ಖಾರಬ್ಯಾಳಿ. ಎಲ್ಲದರ ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಬಿಳಿ ಸೀರೆ. ಲುಂಬಿನಿಯಲ್ಲಿ ಉಡಬೇಕೆಂದು ಅತ್ತೆ ಹೋದ ವರ್ಷವೇ ಹುಬ್ಬಳ್ಳಿಯಲ್ಲಿ ಕೊಂಡು, ಒಮ್ಮೆಯೂ ಮಡಿಕೆ ಬಿಚ್ಚದೆ ಇಟ್ಟಿದ್ದ ಸೀರೆ. ಮೊದಲೇ ಕೊಟ್ಟಿದ್ದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲವೆಂದು ಅವರಿಗೆ ಗೊತ್ತು. ಅದಕ್ಕೇ ರೊಟ್ಟಿಯ ಕೆಳಗೆ ಬಚ್ಚಿಟ್ಟು ಕಳಿಸಿದ್ದರು.

"ಸೀರಿ ಐತ್ರಿ ಕಾಕಾ. ಬಿಳಿ ಸೀರಿ," ಅಂದೆ. ಮೂಗೆಳೆದುಕೊಳ್ಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಬರೋಬ್ಬರಿ ಐತಿ. ಹೋಗಿ ಹೇಳ್ತೀನಿ. ನೀ ಅಳಬ್ಯಾಡ," ಎಂದರು ಕಾಕಾ.

ಬೆಳಿಗ್ಗೆ ಆ ಸೀರೆ ಉಟ್ಟೆ. ಬೆಳ್ಳುಳ್ಳಿಯ ವಾಸನೆ ಗಮ್ಮೆನ್ನುತ್ತಿತ್ತು. ಮಂಜು ಎಷ್ಟಿತ್ತೆಂದರೆ ಮುಂದೆ ನಡೆಯುತ್ತಿದ್ದವರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಟಿಕೇಟು ತೆಗೆಸಿ, ಚಪ್ಪಲಿ ಬಿಟ್ಟು, ಮಾಯಾದೇವಿಯ ಗುಡಿಯೊಳಗೆ ಹೋದೆವು. ಬಿಳಿ ಕಟ್ಟಡದೊಳಗೆ ಹಳೆಯ ಇಟ್ಟಿಗೆಯ ಅಡಿಪಾಯಗಳು, ನಡುವೆ ಗಾಜಿನ ಕೆಳಗೆ ಒಂದು ಕಲ್ಲು. ಹುಟ್ಟಿದ ಜಾಗ ಇದೇ ಎನ್ನುವ ಗುರುತು. ಕಲ್ಲು ಸಣ್ಣದು, ಸುಮ್ಮನೆ ಹೊಲದಲ್ಲಿ ಸಿಕ್ಕರೆ ಯಾರೂ ಎತ್ತಿ ನೋಡಲಾರರು. ಅದರ ಮುಂದೆ ಕೈ ಮುಗಿದು ನಿಂತೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಫೋನಿನಲ್ಲಿ ಮಾತಾಡುವಂತಿಲ್ಲ. ಹೊರಗೆ ಬಂದು ಕೊಳದ ದಂಡೆಯ ದೊಡ್ಡ ಅರಳಿಮರದ ಕೆಳಗೆ ಎಲ್ಲರೂ ಕೂಡಿದೆವು.

ಪರಸಪ್ಪ ಸರ್ ವಂದನೆ ಹೇಳಿಸುವುದೆಂದು ತೀರ್ಮಾನವಾಗಿತ್ತು. ನಮ್ಮ ವೇಳೆ ಎಂಟಕ್ಕೆ ನಾನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಒಂದು ರಿಂಗು ಪೂರ್ತಿ ಆಗಲಿಲ್ಲ.

"ಉಟ್ಟಿಯೇನ?" ಎಂದರು ಅತ್ತೆ.

"ಉಟ್ಟೇನ್ರಿ."

"ಎಲ್ಲಾರೂ ಬಂದಾರ?"

"ಬಂದಾರ್ರಿ. ನೀವ ಕೇಳಕೋತ ಇರ್ರಿ. ಸರ್ ಹೇಳಸ್ತಾರ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಹುಣ್ಣಿಮೆಯ ಸಂಜೆ ವಿಹಾರದಲ್ಲಿ ಕುಳಿತಾಗ ಅವರು ಮಾಡುವ ಸದ್ದು ಅದೇ. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ, ಅವರಿಗೆ ಕಿವಿ ಸ್ವಲ್ಪ ಮಂದ. "ನಮೋ ತಸ್ಸ" ಎಂದು ಅವರೇ ಎತ್ತಿಬಿಟ್ಟರು. ಬಾಯಿ ತೆರೆದಿದ್ದ ಪರಸಪ್ಪ ಸರ್ ಹಾಗೇ ನಿಂತರು. ಆಮೇಲೆ ಕೈ ಮುಗಿದು, ಎಲ್ಲರಿಗಿಂತ ಮೊದಲು ಅವರೇ ಹಿಂದಿನಿಂದ ಹೇಳಿದರು.

ಮೊರಬದ ಹೊರಸಿನ ಮೇಲೆ ಕುಳಿತು ಅತ್ತೆ ಒಂದು ಸಾಲು ಹೇಳುವುದು, ಲುಂಬಿನಿಯ ಮರದ ಕೆಳಗೆ ಇಪ್ಪತ್ತೆಂಟು ಜನ ಅದನ್ನು ಹೇಳುವುದು. ನಮ್ಮ ದನಿ ಅಲ್ಲಿಗೆ ತುಸು ತಡವಾಗಿ ಮುಟ್ಟುತ್ತಿತ್ತು. ಅವರು ಅವಸರ ಮಾಡಲಿಲ್ಲ. ಪ್ರತಿ ಸಾಲಿಗೂ ನಮ್ಮೆಲ್ಲರ ದನಿ ಮುಗಿಯುವವರೆಗೆ ಕಾಯ್ದು ಮುಂದಿನದನ್ನು ಎತ್ತುತ್ತಿದ್ದರು. ಮಂಜಿನೊಳಗಿಂದ ಬಿಳಿ ಬಟ್ಟೆಯ ಹತ್ತಾರು ಹೆಂಗಸರು ಬಂದು ನಮ್ಮ ಪಕ್ಕ ನಿಂತರು. ಶ್ರೀಲಂಕಾದವರೆಂದು ಆಮೇಲೆ ತಿಳಿಯಿತು. ಅವರಿಗೆ ಕನ್ನಡ ಬಾರದು, ನಮಗೆ ಸಿಂಹಳ ಬಾರದು, ಆದರೆ ಪಾಲಿ ಭಾಷೆಯ ಆ ವಂದನೆ ಇಬ್ಬರದೂ ಒಂದೇ. ಅವರೂ ಅತ್ತೆಯ ಹಿಂದೆ ಹೇಳತೊಡಗಿದರು. ಅವರಲ್ಲೊಬ್ಬ ಮುದುಕಿ, ನಾನೂ ತಮ್ಮವಳೇ ಎಂದುಕೊಂಡು, ನನ್ನ ಮುಂಗೈ ಹಿಡಿದುಕೊಂಡು ನಿಂತಳು.

ಮುಗಿದ ಮೇಲೆ ಅತ್ತೆ ಕೇಳಿದರು: "ಈಗ ದನಿ ಭಾಳ ಆಗಿದ್ದುವಲ್ಲ, ಅವರ್ಯಾರು?"

"ಶ್ರೀಲಂಕಾದವರ್ರಿ ಅತ್ತಿ. ನಿಮ್ಮ ಹಿಂದ ಹೇಳಿದ್ರು."

ಆಮೇಲೆ, "ಕಟ್ ಮಾಡಬ್ಯಾಡ. ಮಾತೂ ಆಡಬ್ಯಾಡ. ಸುಮ್ಮಕ ಹಿಡಕೊಂಡ ನಿಂದ್ರು. ಆ ಜಾಗಾ ಹೆಂಗ ಕೇಳಸ್ತೈತಿ ನೋಡತೀನಿ," ಎಂದರು.

ಸ್ಪೀಕರು ಬಂದ್ ಮಾಡಿ, ಫೋನು ಹಿಡಿದು ಕೊಳದ ಹತ್ತಿರ ಹೋದೆ. ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಎಲ್ಲೋ ಒಂದು ಗಂಟೆ ಬಾರಿಸಿದರು. ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಅಷ್ಟರಲ್ಲಿ ಕೈಯಲ್ಲಿ ಫೋನು ಎರಡು ಸಲ ಪೀಪ್ ಅಂದಿತು. ನೋಡಿದರೆ ಕರೆ ಕಡಿದಿತ್ತು, ಬ್ಯಾಲೆನ್ಸ್ ಮುಗಿದಿತ್ತು. ಅಳತೆಯಿಟ್ಟು ಹಾಕಿಸಿದ ರೀಚಾರ್ಜು ಸರಿಯಾಗಿ ಅಲ್ಲಿಗೆ ಮುಗಿದಿತ್ತು. ರೀಚಾರ್ಜಿನ ಅಂಗಡಿ ಬಾಗಿಲಿನ ಆಚೆ ದೂರ, ಅಷ್ಟು ಬೆಳಿಗ್ಗೆ ತೆರೆದಿರುವುದಿಲ್ಲ. ಏನು ಮಾಡಲೂ ತೋಚದೆ, ಸತ್ತ ಫೋನನ್ನು ಕೊಳದ ಕಡೆ ಹಿಡಿದುಕೊಂಡೇ ನಿಂತೆ. ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ, ಅದನ್ನೂ ನಾನು ಅರೆಬರೆ ಮಾಡಿದ್ದೆ. ಬಸ್ಸು ಹೊರಡುತ್ತದೆಂದು ಸರ್ ಕರೆದಾಗ ತಿರುಗಿ ತಿರುಗಿ ನೋಡುತ್ತ ಹೊರಟೆ. ಮರ ಆಗಲೇ ಮಂಜಿನಲ್ಲಿ ಅಳಿಸಿಹೋಗಿತ್ತು.

ಮಧ್ಯಾಹ್ನ ಸುನೌಲಿಯ ಕಮಾನು ದಾಟುತ್ತಲೇ ಹಳೆಯ ಸಿಮ್ಮಿಗೆ ಜೀವ ಬಂತು. ತಕ್ಷಣ ಮನೆಗೆ ಹಚ್ಚಿದೆ. "ಈಗೇನೂ ಹೇಳಬ್ಯಾಡ, ಹುಷಾರಾಗಿ ಬಾ, ಬಂದ ಮ್ಯಾಲ ಮಾತಾಡೂಣು," ಎಂದು ಅತ್ತೆ ಇಟ್ಟುಬಿಟ್ಟರು. ಸಿಟ್ಟಾಗಿದ್ದಾರೆಂದು ತಿಳಿದೆ. ಬುದ್ಧ ಕೊನೆಯುಸಿರೆಳೆದ ಕುಶಿನಗರ ನೋಡಿದೆವು, ಮತ್ತೆ ಅದೇ ರೈಲು, ಅದೇ ಸಾಸಿವೆಯ ಹೊಲಗಳು. ಹೊರಗೆ ಏನು ಬೆಳೆ ಇದೆ ಎಂದು ಈ ಸಲ ಯಾರೂ ಕೇಳಲಿಲ್ಲ, ಅದೂ ಸಿಟ್ಟಿನ ಲಕ್ಷಣವೇ ಎಂದುಕೊಂಡೆ.

ಮೊರಬ ಮುಟ್ಟಿದಾಗ ಮೂರು ಗಂಟೆಯ ಬಿಸಿಲು. ನಮ್ಮ ಮನೆಯ ತುಂಬ ಜನ. ಅತ್ತೆಯ ಹೊರಸಿನ ಸುತ್ತ ಓಣಿಯ ಹೆಂಗಸರೆಲ್ಲ ಕುಳಿತಿದ್ದರು. ಲುಂಬಿನಿಯಿಂದ ಬಂದವಳು ನಾನು, ಆದರೆ ಲುಂಬಿನಿಯ ಸುದ್ದಿ ಹೇಳುತ್ತಿದ್ದವರು ಅತ್ತೆ. ನನ್ನನ್ನು ನೋಡಿ, ಬಾಜು ಕೂಡು ಎಂದು ಕೈ ಮಾಡಿ, ಮಾತು ಮುಂದುವರಿಸಿದರು.

"ವಂದನಾ ಆತಲ್ಲ, ಆಮ್ಯಾಲ ನಾ ಸುಮ್ಮಕ ಕೇಳಕೋತ ಕುಂತೆ. ಮೊದಲ ಗಂಟಿ ಆತು. ಒಂದ ಹಕ್ಕಿ ಒದರಿತು. ಆಮ್ಯಾಲ ಏನೂ ಇಲ್ಲ. ಅಷ್ಟ ಮಂದಿ ನಿಂತಾರ, ಒಬ್ಬರೂ ಪಿಟ್ಟಂದಿಲ್ಲ. ಅಂಥಾ ಶಾಂತ ಜಾಗಾ ನಾ ಎಲ್ಲೂ ಕೇಳಿಲ್ಲ ನೋಡ್ರಿ."

"ಭಾಳೊತ್ತು ಕುಂತಿದ್ರೇನ?" ಎಂದು ಯಾರೋ ಕೇಳಿದರು.

"ಕಮಲವ್ವ ನೀರ ಕಾಸಿಕೊಂಡ ಬಂದ ಎರಡ ಸಲ ಕರದ್ಲು. ಸುಮ್ಮನಿರು ಅಂತ ಕೈ ಮಾಡಿದೆ. ಬಿಸಲು ಹೊಚ್ಚಲ ದಾಟಿ ಹೊರಸಿನತನಕ ಬಂತು, ನಾ ಫೋನ್ ಕಿವಿಯಿಂದ ತಗದಿಲ್ಲ. ಇಷ್ಟ ವರ್ಷ ವಂದನಾ ಹೇಳೇನಿ, ಮನಸ ಅಷ್ಟ ಹಗೂರ ಆಗಿದ್ದ ಅವತ್ತ ಮೊದಲು."

ಹೇಳಿ, ನನ್ನ ಕಡೆ ತಿರುಗಿದರು. ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಪಾಪ, ಅಷ್ಟೊತ್ತೂ ನನ್ನ ಸಲುವಾಗಿ ಥಂಡ್ಯಾಗ ಹಿಡಕೊಂಡ ನಿಂತಿದ್ಯಲ್ಲ. ಕೈ ನೋತೇನ?"

ಕರೆ ಯಾವಾಗ ಕಡಿಯಿತೆಂದು ನಾನು ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

"ಇಲ್ರಿ ಅತ್ತಿ," ಅಂದೆ. "ನಾನೂ ಕೇಳಕೋತ ನಿಂತಿದ್ನಿ."